ಕೂರುವ ಕಾರ್ಡು, ಒಗ್ಗುವ ಕಾರ್ಡು

ಹಳೆಯ ಪರ್ಸನಲ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಪರೀಕ್ಷಿಸುವ ಕೆಲಸದಲ್ಲಿ ಎರಡು ಪ್ರಶ್ನೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಕಾರ್ಡು ಆ ಯಂತ್ರಕ್ಕೆ ಒಗ್ಗುತ್ತದೆಯೇ ಎಂಬುದು ಮೊದಲನೆಯದು. ಒಗ್ಗಿದರೆ, ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಪರದೆಗೆ ಕಳಿಸುತ್ತದೆ ಎಂಬುದು ಎರಡನೆಯದು. ಕಂಪ್ಯೂಟರ್ ಪತ್ರಿಕೆಗಳ ವಿಮರ್ಶೆಗಳು ಹೆಚ್ಚಾಗಿ ಎರಡನೆಯದಕ್ಕೆ ಮಾತ್ರ ಉತ್ತರಿಸುತ್ತಿದ್ದವು, ಅದೂ ಆಗಷ್ಟೇ ಮಾರುಕಟ್ಟೆಗೆ ಬಂದ ವೇಗದ ಪ್ರೊಸೆಸರನ್ನು ಇಟ್ಟುಕೊಂಡು. ಆದರೆ ತೊಂಬತ್ತರ ದಶಕದ ಕೊನೆಯಿಂದ ಮುಂದಿನ ಏಳೆಂಟು ವರ್ಷಗಳಲ್ಲಿ, ಬೆಂಗಳೂರಿನ ಪುರಭವನಕ್ಕೆ ಹತ್ತಿರದ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಅಸೆಂಬಲ್ಡ್ ಕಂಪ್ಯೂಟರ್ ಜೋಡಿಸುತ್ತಿದ್ದವರ ಮತ್ತು ರಿಪೇರಿ ಮಾಡುತ್ತಿದ್ದವರ ಮೇಜಿನ ಮೇಲೆ ಸಾಮಾನ್ಯವಾಗಿ ಇರುತ್ತಿದ್ದದ್ದು ಎರಡು ಮೂರು ವರ್ಷ ದುಡಿದ ಯಂತ್ರ. ಅದರ ಒಡೆಯರು ಕೇಳುತ್ತಿದ್ದದ್ದು, ಇದಕ್ಕೇ ಒಂದು ಕಾರ್ಡು ಹಾಕಿಕೊಟ್ಟರೆ ಹೊಸ ಗೇಮು ಓಡುತ್ತದೆಯೇ ಎಂದು. ಈ ಪ್ರಶ್ನೆಗೆ ಯಾವ ವಿಮರ್ಶೆಯಲ್ಲೂ ಉತ್ತರ ಸಿಗುತ್ತಿರಲಿಲ್ಲ. ಕಾರ್ಡನ್ನು ಅದೇ ಯಂತ್ರದಲ್ಲಿ ಕೂರಿಸಿಯೇ ನೋಡಬೇಕಿತ್ತು. ಆ ಮೇಜಿನ ಕೆಲಸದ ನೆನಪುಗಳನ್ನು ಇಷ್ಟು ವರ್ಷಗಳ ಮೇಲೆ ಒಟ್ಟಿಗೆ ಹರಡಿಕೊಂಡು ನೋಡಿದರೆ, ಪರೀಕ್ಷೆಯಲ್ಲಿ ಸಿಗುತ್ತಿದ್ದ ಅಂಕಿ ಕಾರ್ಡೊಂದರದೇ ಆಗಿರುತ್ತಿರಲಿಲ್ಲ, ಸ್ಲಾಟು, ಚಿಪ್‌ಸೆಟ್, ಎಸ್‌ಎಂಪಿಎಸ್, ಡ್ರೈವರ್, ಪ್ರೊಸೆಸರ್ ಎಲ್ಲವೂ ಸೇರಿ ಕೊಟ್ಟ ಅಂಕಿಯಾಗಿರುತ್ತಿತ್ತು ಎಂಬುದು ಎದ್ದು ಕಾಣುತ್ತದೆ.

ಗ್ರಾಫಿಕ್ಸ್ ಕಾರ್ಡೆಂದರೆ, ಪ್ರೊಸೆಸರ್ ಹೇಳಿದ ಚಿತ್ರವನ್ನು ಲೆಕ್ಕಹಾಕಿ ತನ್ನ ಸ್ವಂತ ಮೆಮೊರಿಯಲ್ಲಿ ಬಿಡಿಸಿಟ್ಟು, ಅಲ್ಲಿಂದ ಮಾನಿಟರಿಗೆ ಸಿಗ್ನಲ್ ಕಳಿಸುವ ಬಿಡಿ ಹಲಗೆ. ಅದು ಮದರ್‌ಬೋರ್ಡಿನ ಉದ್ದನೆಯ ಸೀಳಿನಲ್ಲಿ, ಅಂದರೆ ಸ್ಲಾಟಿನಲ್ಲಿ, ಕೂರುತ್ತದೆ. 1992ರಲ್ಲಿ ಇಂಟೆಲ್ ರೂಪಿಸಿದ ಪಿಸಿಐ ಸ್ಲಾಟು 33 ಮೆಗಾಹರ್ಟ್ಸ್ ವೇಗದಲ್ಲಿ ಸೆಕೆಂಡಿಗೆ ಸುಮಾರು 133 ಮೆಗಾಬೈಟ್ ಮಾಹಿತಿ ಸಾಗಿಸುತ್ತಿತ್ತು. ಆದರೆ ಆ ಸಾಮರ್ಥ್ಯವನ್ನು ಸೌಂಡ್ ಕಾರ್ಡು, ನೆಟ್‌ವರ್ಕ್ ಕಾರ್ಡುಗಳೂ ಹಂಚಿಕೊಳ್ಳಬೇಕಿತ್ತು. ಮೂರು ಆಯಾಮದ ಗೇಮುಗಳು ಬಂದ ಮೇಲೆ ಈ ಹಂಚಿಕೆ ಸಾಲದಾಯಿತು. ಗ್ರಾಫಿಕ್ಸಿಗೆಂದೇ ಮೀಸಲಾದ ಎಜಿಪಿ ಎಂಬ ಸ್ಲಾಟಿನ ವಿವರಣೆಯನ್ನು ಇಂಟೆಲ್ 1996ರಲ್ಲಿ ಪ್ರಕಟಿಸಿತು. ಮರುವರ್ಷ 440ಎಲ್ಎಕ್ಸ್ ಚಿಪ್‌ಸೆಟ್ಟಿನೊಡನೆ, ಅಂದರೆ ಪ್ರೊಸೆಸರ್, ಮೆಮೊರಿ, ಸ್ಲಾಟುಗಳನ್ನು ಒಂದಕ್ಕೊಂದು ಬೆಸೆಯುವ ಬೋರ್ಡಿನ ಚಿಪ್ಪುಗಳೊಡನೆ, ಅದು ಮಾರುಕಟ್ಟೆಗೆ ಬಂತು. ಅದರ ಮೂಲ ವೇಗ 66 ಮೆಗಾಹರ್ಟ್ಸ್. ಒಂದು ಪಟ್ಟಿನಲ್ಲಿ ಸೆಕೆಂಡಿಗೆ 266 ಮೆಗಾಬೈಟ್, ಮುಂದೆ ಎರಡು, ನಾಲ್ಕು, ಎಂಟು ಪಟ್ಟುಗಳಾಗಿ ಬೆಳೆದು ಕೊನೆಗೆ 2,133 ಮೆಗಾಬೈಟಿನವರೆಗೆ ಹೋಯಿತು. ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತಿದ್ದದ್ದು ಈ ಪಟ್ಟುಗಳೇ. ಆದರೆ ಆ ಕಾಲದ ಬಹುಪಾಲು ಗೇಮುಗಳಲ್ಲಿ ನಾಲ್ಕು ಪಟ್ಟಿಗೂ ಎಂಟು ಪಟ್ಟಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರುತ್ತಿರಲಿಲ್ಲ. ಬೇಕಾದ ಚಿತ್ರಗಳನ್ನು ಕಾರ್ಡಿನ ಸ್ವಂತ ಮೆಮೊರಿಯಲ್ಲೇ ಇಟ್ಟುಕೊಳ್ಳಲು ಸಾಧ್ಯವಾದ ಮೇಲೆ ಸ್ಲಾಟಿನ ಮೂಲಕ ಹಾದುಹೋಗುವ ಮಾಹಿತಿ ಕಡಿಮೆಯೇ ಇರುತ್ತಿತ್ತು.

ಪಟ್ಟುಗಳಿಗಿಂತ ಮುಖ್ಯವಾದದ್ದು ವೋಲ್ಟೇಜು. ಮೊದಲ ತಲೆಮಾರಿನ ಎಜಿಪಿಯಲ್ಲಿ ಸಿಗ್ನಲ್ಲುಗಳು 3.3 ವೋಲ್ಟಿನಲ್ಲಿ ಹರಿಯುತ್ತಿದ್ದವು; 1998ರ ಎರಡನೆಯ ಆವೃತ್ತಿ 1.5 ವೋಲ್ಟನ್ನೂ 2002ರ ಮೂರನೆಯ ಆವೃತ್ತಿ 0.8 ವೋಲ್ಟನ್ನೂ ತಂದವು. ಒಂದಕ್ಕೆ ಮಾಡಿದ ಕಾರ್ಡು ಇನ್ನೊಂದರ ಸ್ಲಾಟಿನಲ್ಲಿ ಕೂರದಿರಲೆಂದು ಸ್ಲಾಟಿನೊಳಗೆ ಪ್ಲಾಸ್ಟಿಕ್ಕಿನ ಅಡ್ಡಗಟ್ಟೆಯನ್ನೂ ಕಾರ್ಡಿನ ಚಿನ್ನದ ಹಲ್ಲುಗಳ ನಡುವೆ ಅದಕ್ಕೆ ಸರಿಹೊಂದುವ ಕಚ್ಚನ್ನೂ ಇಟ್ಟಿದ್ದರು. ಮಾನಿಟರಿನ ವೈರು ಸಿಕ್ಕಿಸುವ ಲೋಹದ ಪಟ್ಟಿಗೆ ಹತ್ತಿರದ ಕಚ್ಚು 3.3 ವೋಲ್ಟಿನದು, ದೂರದ್ದು 1.5 ವೋಲ್ಟಿನದು, ಎರಡೂ ಇದ್ದರೆ ಕಾರ್ಡು ಎರಡಕ್ಕೂ ಸಲ್ಲುತ್ತದೆ. ಅನುಭವಸ್ಥರು ಕಾರ್ಡು ಕೈಗೆ ಬಂದೊಡನೆ ಪೆಟ್ಟಿಗೆಯನ್ನೋ ಫ್ಯಾನನ್ನೋ ನೋಡದೆ ಹಲ್ಲುಗಳ ಅಂಚನ್ನು ಬೆಳಕಿಗೆ ಹಿಡಿದು ಕಚ್ಚುಗಳ ಜಾಗ ನೋಡುತ್ತಿದ್ದದ್ದು ಈ ಕಾರಣಕ್ಕಾಗಿ. ಈ ಏರ್ಪಾಟು ತತ್ತ್ವದಲ್ಲಿ ಚೆನ್ನಾಗಿತ್ತಾದರೂ ಆಚರಣೆಯಲ್ಲಿ ಸೋರುತ್ತಿತ್ತು: ಕೆಲವು ಅಗ್ಗದ ಕಾರ್ಡುಗಳಲ್ಲಿ ಎರಡೂ ಕಚ್ಚು ಕೊರೆದಿರುತ್ತಿದ್ದರೂ ಒಳಗಿನ ಸರ್ಕ್ಯೂಟು ಮಾತ್ರ 3.3 ವೋಲ್ಟಿನದೇ ಆಗಿರುತ್ತಿತ್ತು. ಅಂಥದ್ದನ್ನು 1.5 ವೋಲ್ಟನ್ನು ಮಾತ್ರ ತಾಳಬಲ್ಲ ಇಂಟೆಲ್ 845 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕೂರಿಸಿ ಸ್ವಿಚ್ಚು ಒತ್ತಿದರೆ ಕಾರ್ಡಿಗೆ ಏನೂ ಆಗದೆ ಬೋರ್ಡೇ ಸುಟ್ಟುಹೋಗುವ ಸಂಭವವಿತ್ತು. ಆ ಬೋರ್ಡುಗಳ ಕೈಪಿಡಿಯಲ್ಲಿ ಈ ಎಚ್ಚರಿಕೆ ಅಚ್ಚಾಗಿರುತ್ತಿತ್ತು; ಆದರೆ ಅಸೆಂಬಲ್ಡ್ ಯಂತ್ರದ ಕೈಪಿಡಿ ಒಡೆಯರ ಮನೆಯವರೆಗೆ ಬರುವುದೇ ಅಪರೂಪವಾಗಿತ್ತು. ಕೂರುವುದು ಬೇರೆ, ಒಗ್ಗುವುದು ಬೇರೆ ಎಂಬುದು ಆ ಮೇಜಿನಲ್ಲಿ ಮೊದಲು ತಿಳಿಯುತ್ತಿದ್ದದ್ದು ಹೀಗೆ, ಸಾಮಾನ್ಯವಾಗಿ ಯಾರದೋ ದುಡ್ಡಿನಲ್ಲಿ.

ಸ್ಲಾಟೇ ಇಲ್ಲದ ಯಂತ್ರಗಳ ಗೋಳು ಇನ್ನೊಂದು ಬಗೆಯದು. 1999ರಲ್ಲಿ ಬಂದ ಇಂಟೆಲ್ 810 ಚಿಪ್‌ಸೆಟ್ಟಿನೊಳಗೇ ಗ್ರಾಫಿಕ್ಸ್ ಅಡಕವಾಗಿತ್ತು, ಎಜಿಪಿ ಸ್ಲಾಟು ಇರಲಿಲ್ಲ. ಪೆಂಟಿಯಂ 4ರ ಕಾಲದ 845ಜಿಎಲ್ ಕೂಡ ಹಾಗೆಯೇ. ಕಚೇರಿಗೂ ಮನೆಗೂ ಕಡಿಮೆ ಬೆಲೆಗೆ ಒದಗಿದ ಇಂಥ ಬೋರ್ಡುಗಳು ಬಹಳ ಮಾರಾಟವಾದವು. ಪೆಂಟಿಯಂ 4 ಎಂಬ ಹೆಸರೇ ಸಾಕೆಂದು ಕೊಂಡವರು, ಎರಡು ವರ್ಷದ ಮೇಲೆ ಮಕ್ಕಳು ಗೇಮಿಗಾಗಿ ಹಟ ಹಿಡಿದಾಗಲೇ ಕ್ಯಾಬಿನೆಟ್ಟಿನ ಒಳಗೆ ಏನಿದೆಯೆಂದು ಮೊದಲ ಬಾರಿಗೆ ವಿಚಾರಿಸುತ್ತಿದ್ದರು. ಅವರಿಗೆ ಉಳಿದಿದ್ದ ದಾರಿ ಪಿಸಿಐ ಕಾರ್ಡು. ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ 2 ಎಂಎಕ್ಸ್, ಎಫ್‌ಎಕ್ಸ್ 5200ನಂಥವು ಪಿಸಿಐ ರೂಪದಲ್ಲೂ ಬಂದಿದ್ದವು; ಎಜಿಪಿಯ ಅದೇ ಕಾರ್ಡಿಗಿಂತ ಸಿಗುವುದು ಕಷ್ಟ, ಬೆಲೆ ಹೆಚ್ಚು, ವೇಗ ಕಡಿಮೆ. ಬಯೋಸ್ ಎಂದರೆ ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನ ಚಿಪ್ಪಿನಲ್ಲೇ ಇರುವ ಪ್ರೋಗ್ರಾಮು. ಅದರೊಳಗೆ ಹೊಕ್ಕು ಮೊದಲು ಯಾವ ಡಿಸ್‌ಪ್ಲೇ ಎಬ್ಬಿಸಬೇಕೆಂಬ ಆಯ್ಕೆಯನ್ನು ಪಿಸಿಐಗೆ ಬದಲಿಸದಿದ್ದರೆ, ಹೊಸ ಕಾರ್ಡಿಗೆ ಮಾನಿಟರ್ ಸಿಕ್ಕಿಸಿಕೊಂಡವರು ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತಿತ್ತು.

ಕರೆಂಟಿನ ವಿಷಯಕ್ಕೆ ಬಂದರೆ, ಒಗ್ಗದಿರುವಿಕೆಯ ಅತಿ ದೊಡ್ಡ ಪಾಲು ಅಲ್ಲಿಯೇ ಇತ್ತು. ಗೋಡೆಯ 230 ವೋಲ್ಟಿನ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಿಸುವ ಡಬ್ಬವನ್ನು ಇಲ್ಲಿ ಎಲ್ಲರೂ ಎಸ್‌ಎಂಪಿಎಸ್ ಎಂದೇ ಕರೆಯುತ್ತಾರೆ. ಕ್ಯಾಬಿನೆಟ್ಟಿನ ಜೊತೆಗೇ ಪುಕ್ಕಟೆ ಎಂಬಂತೆ ಬರುತ್ತಿದ್ದ ಲೋಕಲ್ ಎಸ್‌ಎಂಪಿಎಸ್‌ನ ಮೇಲೆ 400 ವ್ಯಾಟ್ ಎಂಬ ಚೀಟಿ ಇರುತ್ತಿತ್ತೇ ಹೊರತು ಒಳಗೆ ಅಷ್ಟು ಶಕ್ತಿ ಇರುತ್ತಿರಲಿಲ್ಲ, ಮತ್ತು ಅದು ಕೈಯಲ್ಲಿ ಎತ್ತಿ ನೋಡಿದರೆ ಭಾರದಲ್ಲೇ ತಿಳಿಯುತ್ತಿತ್ತು. ವಿಂಡೋಸ್ ತೆರೆದಿರುವಾಗ ಎಲ್ಲವೂ ಸರಿಯಾಗಿದ್ದು, ಗೇಮು ಶುರುವಾದ ಹತ್ತು ನಿಮಿಷಕ್ಕೆ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಕಾರ್ಡನ್ನು ಬೈಯುವ ಮೊದಲು ಮಲ್ಟಿಮೀಟರ್ ಹಿಡಿಯಬೇಕಿತ್ತು: ಬಳಸದೆ ಬಿಟ್ಟ ಹಾರ್ಡ್ ಡಿಸ್ಕ್ ಕನೆಕ್ಟರಿನ ಕಪ್ಪು ವೈರಿಗೆ ಒಂದು ಕಡ್ಡಿ, ಹಳದಿಗೆ ಇನ್ನೊಂದು ಚುಚ್ಚಿ, ಗೇಮು ಓಡುತ್ತಿರುವಾಗಲೇ ಅಂಕಿ ನೋಡಬೇಕು. ಶೇಕಡ 5ರ ಏರುಪೇರಿಗೆ ಮಾತ್ರ ಅವಕಾಶವಿರುವುದರಿಂದ 12 ವೋಲ್ಟಿನ ದಾರಿ 11.4ಕ್ಕಿಂತ ಕೆಳಗಿಳಿದರೆ ತಪ್ಪು ಯಾರದೆಂದು ಗೊತ್ತಾದಂತೆ. ಕೆಲವು ಹಳೆಯ ಬೋರ್ಡುಗಳಲ್ಲಿ, ಮುಖ್ಯವಾಗಿ ಎಎಂಡಿ ಕೆ6-2 ಪ್ರೊಸೆಸರ್ ಕೂರುತ್ತಿದ್ದ ಸೂಪರ್ 7 ಬೋರ್ಡುಗಳಲ್ಲಿ, ಎಸ್‌ಎಂಪಿಎಸ್ ಗಟ್ಟಿಯಾಗಿದ್ದರೂ ಸ್ಲಾಟಿಗೆ 3.3 ವೋಲ್ಟ್ ಒದಗಿಸುವ ಬೋರ್ಡಿನ ರೆಗ್ಯುಲೇಟರೇ ದುರ್ಬಲವಾಗಿರುತ್ತಿತ್ತು. ಟಿಎನ್‌ಟಿ2, ಮೊದಲ ಜಿಫೋರ್ಸ್‌ಗಳಂಥ ಹಸಿದ ಕಾರ್ಡು ಅಲ್ಲಿ ಕೂತರೆ ಯಂತ್ರ ನಡುವೆಯೇ ಸ್ತಬ್ಧವಾಗುತ್ತಿತ್ತು. 2002ರಲ್ಲಿ ಬಂದ ರೇಡಿಯಾನ್ 9700 ಪ್ರೊ ಈ ಸಮಸ್ಯೆಗೆ ಬೇರೆ ದಾರಿ ಹಿಡಿದು, ಫ್ಲಾಪಿ ಡ್ರೈವಿಗೆ ಹಾಕುವ ಚಿಕ್ಕ ಕನೆಕ್ಟರಿನಿಂದ ನೇರವಾಗಿ ಕರೆಂಟು ಎಳೆದುಕೊಂಡಿತು. ಇದರ ಜೊತೆಗೆ ಬೇಸಿಗೆಯ ಲೋಡ್ ಶೆಡ್ಡಿಂಗ್ ಇದ್ದೇ ಇತ್ತು; ದೊಡ್ಡ ಪಿಕ್ಚರ್ ಟ್ಯೂಬಿನ ಮಾನಿಟರೂ ಗೇಮು ಓಡಿಸುವ ಕಾರ್ಡೂ ಸೇರಿ ಎಳೆಯುವ ಹೊರೆಗೆ ಮನೆಬಳಕೆಯ ಯುಪಿಎಸ್ ಕೂಗಿಕೊಂಡು ಕೈಬಿಟ್ಟಾಗ ಅರ್ಧ ಓಡಿದ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.

ಕಾರ್ಡು ಕೂರಿಸಿ ಸ್ವಿಚ್ಚು ಒತ್ತಿದ ಮೇಲಿನ ಮೊದಲ ಕೆಲವು ಸೆಕೆಂಡು ಕಣ್ಣಿಗಿಂತ ಕಿವಿಗೆ ಕೆಲಸ. ಅವಾರ್ಡ್ ಬಯೋಸಿನ ಯಂತ್ರ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೊಟ್ಟರೆ ಗ್ರಾಫಿಕ್ಸ್ ಕಾರ್ಡು ಅದಕ್ಕೆ ಕಾಣುತ್ತಿಲ್ಲವೆಂದೂ, ಎಎಂಐ ಬಯೋಸಿನ ಯಂತ್ರ ಎಂಟು ಗಿಡ್ಡ ಬೀಪ್ ಕೊಟ್ಟರೆ ಕಾರ್ಡಿನ ಮೆಮೊರಿ ಕೈಕೊಟ್ಟಿದೆಯೆಂದೂ ಅರ್ಥ. ಡಿಸ್‌ಪ್ಲೇ ಬರುತ್ತಿಲ್ಲ ಎಂಬ ದೂರಿನ ಯಂತ್ರಗಳಲ್ಲಿ ಹಲವಕ್ಕೆ ಔಷಧಿಯಾಗಿದ್ದದ್ದು ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರು: ಕಾರ್ಡನ್ನು ಹೊರತೆಗೆದು, ಚಿನ್ನದ ಹಲ್ಲುಗಳ ಮೇಲಿನ ಮಾಸಲು ಪದರ ಹೋಗುವಂತೆ ಉದ್ದುದ್ದಕ್ಕೆ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಒಂದಿಷ್ಟೂ ಉಳಿಯದಂತೆ ಬ್ರಷ್ಷಿನಿಂದ ಕೊಡವಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಪರದೆ ಬೆಳಗುತ್ತಿತ್ತು. ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮವಾದದ್ದು. ಅಗ್ಗದ ಕ್ಯಾಬಿನೆಟ್ಟುಗಳ ತಗಡು ತುಸು ಸೊಟ್ಟಗಿರುತ್ತಿದ್ದುದರಿಂದ, ಕಾರ್ಡಿನ ಲೋಹದ ಪಟ್ಟಿಯನ್ನು ಸ್ಕ್ರೂನಿಂದ ಬಿಗಿದಾಗ ಪಟ್ಟಿಯ ಕಡೆ ಕೆಳಗಿಳಿದು, ಆಚೆಯ ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಎಜಿಪಿ ಸ್ಲಾಟಿನ ಹಲ್ಲುಗಳು ಎರಡು ಅಂತಸ್ತಿನಲ್ಲಿ ಜೋಡಿಸಿರುವುದರಿಂದ, ಪಿಸಿಐ ಕಾರ್ಡಿಗೆ ತೊಂದರೆಯಾಗದಷ್ಟು ಏರು ಇಲ್ಲಿ ಸಂಪರ್ಕವನ್ನೇ ತಪ್ಪಿಸುತ್ತಿತ್ತು. ಸ್ಕ್ರೂ ಸಡಿಲಿಸಿದರೆ ಓಡುವ, ಬಿಗಿದರೆ ನಿಲ್ಲುವ ಯಂತ್ರವನ್ನು ಮೊದಲ ಸಲ ಕಂಡವರು ಅದನ್ನು ದೆವ್ವದ ಕಾಟವೆಂದೇ ಭಾವಿಸಿದರೆ ಆಶ್ಚರ್ಯವಿಲ್ಲ. ಮುಂದೆ ಬಂದ ಬೋರ್ಡುಗಳಲ್ಲಿ ಕಾರ್ಡಿನ ಹಿಂಬದಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಕಾಣಿಸಿಕೊಂಡದ್ದು ಇಂಥ ಅನುಭವಗಳ ಫಲವೇ.

ಪರದೆ ಬಂದ ಮೇಲೆ ಡ್ರೈವರಿನ ಸರದಿ. ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಮು ಡ್ರೈವರ್ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಎಜಿಪಿಯ ಕಾಲದಲ್ಲಿ ಕಾರ್ಡಿನ ಡ್ರೈವರಿಗಿಂತ ಮೊದಲು ಚಿಪ್‌ಸೆಟ್ಟಿನ ಡ್ರೈವರ್ ಹಾಕಬೇಕೆಂಬುದು ಹಲವರಿಗೆ ತಿಳಿದಿರಲಿಲ್ಲ. ಯಂತ್ರದ ಮುಖ್ಯ ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿರುವ ತುಣುಕುಗಳನ್ನು ಒಂದೇ ಸಾಲಿನಲ್ಲಿವೆ ಎಂಬಂತೆ ಕಾರ್ಡಿಗೆ ತೋರಿಸುವ ವಿಳಾಸಪಟ್ಟಿಯೊಂದನ್ನು ಚಿಪ್‌ಸೆಟ್ಟು ಬಳಸುತ್ತದೆ. ಅದನ್ನು ಗಾರ್ಟ್ ಎನ್ನುತ್ತಾರೆ. ಅದನ್ನು ನಡೆಸುವ ಡ್ರೈವರ್ ಇಲ್ಲದಿದ್ದರೆ ಎಜಿಪಿ ಕಾರ್ಡು ಒಂದೋ ಪಿಸಿಐ ಕಾರ್ಡಿನಂತೆ ಕುಂಟುತ್ತದೆ, ಇಲ್ಲವೇ ಮೊದಲ ಗೇಮಿನಲ್ಲೇ ಸ್ತಬ್ಧವಾಗುತ್ತದೆ. ವಿಯಾ ಕಂಪನಿಯ ಚಿಪ್‌ಸೆಟ್ಟುಗಳಿಗೆ ಇದನ್ನು ಸೇರಿಸಿ ನಾಲ್ಕು ಡ್ರೈವರುಗಳ ಕಟ್ಟೊಂದು ಬರುತ್ತಿತ್ತು. ಅದು ಫೋರ್-ಇನ್-ಒನ್ ಎಂದೇ ಹೆಸರಾಗಿತ್ತು. ಮೋಡೆಮ್ಮಿನಲ್ಲಿ ಅಂಥ ಕಡತಗಳನ್ನು ಇಳಿಸಿಕೊಳ್ಳುವುದು ಒಂದು ರಾತ್ರಿಯ ಕೆಲಸವಾಗಿದ್ದುದರಿಂದ, ಡಿಜಿಟ್‌ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳನ್ನು ರಿಪೇರಿಯವರು ಓದುವ ಪುಟಗಳಿಗಿಂತ ಜೋಪಾನವಾಗಿ ಎತ್ತಿಡುತ್ತಿದ್ದರು. ಇಷ್ಟಾದರೂ ಗೇಮಿನ ನಡುವೆ ಚಿತ್ರ ಕೆಡುತ್ತಿದ್ದರೆ ಬಯೋಸಿನಲ್ಲಿ ಎಜಿಪಿಯ ವೇಗವನ್ನು ನಾಲ್ಕರಿಂದ ಎರಡಕ್ಕೆ ಇಳಿಸುವುದು, ಫಾಸ್ಟ್ ರೈಟ್ಸ್ ಎಂಬ ಆಯ್ಕೆಯನ್ನು ತೆಗೆದುಹಾಕುವುದು, ಆಮೇಲೆ ಕಾರ್ಡಿನ ಪಕ್ಕದ ಮೊದಲ ಪಿಸಿಐ ಸ್ಲಾಟನ್ನು ಖಾಲಿ ಬಿಡುವುದು ರೂಢಿಯ ಕ್ರಮ. ಆ ಸ್ಲಾಟು ಸಾಮಾನ್ಯವಾಗಿ ಎಜಿಪಿಯೊಡನೆ ಐಆರ್‌ಕ್ಯೂವನ್ನು, ಅಂದರೆ ಪ್ರೊಸೆಸರಿನ ಗಮನ ಸೆಳೆಯುವ ಕರೆಗಂಟೆಯ ಸಾಲನ್ನು, ಹಂಚಿಕೊಂಡಿರುತ್ತಿತ್ತು. ಇವನ್ನೆಲ್ಲ ಒಂದೇ ಸಲಕ್ಕೆ ಬದಲಿಸಿ ಯಂತ್ರ ಸರಿಹೋಯಿತೆಂದು ಸಂಭ್ರಮಿಸುವವರೂ ಇದ್ದರು. ಯಾವುದರಿಂದ ಸರಿಹೋಯಿತೆಂದು ಕೇಳಿದರೆ ಅವರ ಬಳಿ ಉತ್ತರವಿರುತ್ತಿರಲಿಲ್ಲ.

ವೇಗ ಅಳೆಯುವ ಕೆಲಸಕ್ಕೆ ಅಂದು ಎಲ್ಲರೂ ನೆಚ್ಚಿದ್ದು 1999ರ ಡಿಸೆಂಬರಿನಲ್ಲಿ ಬಂದ ಕ್ವೇಕ್ 3 ಅರೀನಾ ಎಂಬ ಗೇಮನ್ನು. ಎಸ್ಕೇಪ್ ಕೀಲಿಯ ಕೆಳಗಿನ ಕೀಲಿ ಒತ್ತಿದರೆ ಮೇಲಿನಿಂದ ಇಳಿಯುವ ಆಜ್ಞೆಯ ಕಿಟಕಿಯಲ್ಲಿ ಟೈಮ್‌ಡೆಮೊ ಎಂದು ಬರೆದು ಒಂದು ಎಂಬ ಅಂಕಿ ಒತ್ತಿ, ಬಳಿಕ ಡೆಮೊ ಫೋರ್ ಎಂದು ಬರೆದರೆ, ಮೊದಲೇ ದಾಖಲಿಸಿಟ್ಟ ಕಾಳಗವೊಂದನ್ನು ಯಂತ್ರ ತನ್ನಿಂದ ಸಾಧ್ಯವಾದಷ್ಟು ವೇಗವಾಗಿ ಓಡಿಸಿ, ಕೊನೆಗೆ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಿದೆನೆಂದು ಒಂದೇ ಸಾಲಿನಲ್ಲಿ ಹೇಳುತ್ತಿತ್ತು. ಆ ಒಂದು ಸಾಲಿನ ಅಂಕಿಗೆ ಸ್ವತಂತ್ರವಾಗಿ ಹೆಚ್ಚಿನ ಅರ್ಥವಿಲ್ಲ. ಅರ್ಥ ಹುಟ್ಟುವುದು ಅದೇ ಪರೀಕ್ಷೆಯನ್ನು ಬೇರೆ ಬೇರೆ ರೆಸಲ್ಯೂಷನ್ನುಗಳಲ್ಲಿ, ಅಂದರೆ ಪರದೆಯ ಚುಕ್ಕೆಗಳ ಸಂಖ್ಯೆಯನ್ನು ಬದಲಿಸಿ, ಓಡಿಸಿದಾಗ. 640×480ರಲ್ಲಿ 3,07,200 ಚುಕ್ಕೆ, 1024×768ರಲ್ಲಿ 7,86,432, ಎಂದರೆ ಎರಡೂವರೆ ಪಟ್ಟಿಗೂ ಹೆಚ್ಚು. ಚುಕ್ಕೆಗಳನ್ನು ತುಂಬುವುದು ಕಾರ್ಡಿನ ಕೆಲಸ. ಕಾಳಗದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಎತ್ತ ಹೋಯಿತು ಎಂದು ಲೆಕ್ಕಹಾಕುವುದು ಪ್ರೊಸೆಸರಿನ ಕೆಲಸ, ಅದು ಚುಕ್ಕೆಗಳ ಸಂಖ್ಯೆಯೊಡನೆ ಬದಲಾಗುವುದಿಲ್ಲ. ಆದ್ದರಿಂದ ರೆಸಲ್ಯೂಷನ್ ಏರಿಸಿದರೂ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದರೆ ಕಾರ್ಡು ಬಿಡುವಾಗಿ ಕೂತಿದೆ, ಯಂತ್ರವನ್ನು ತಡೆದಿರುವುದು ಪ್ರೊಸೆಸರ್; ಏರಿಸಿದಂತೆಲ್ಲ ಅಂಕಿ ಕುಸಿದರೆ ಕಾರ್ಡು ತನ್ನ ಮಿತಿ ಮುಟ್ಟಿದೆ. ಕೆ6-2 ಯಂತ್ರಕ್ಕೆ ದುಬಾರಿ ಜಿಫೋರ್ಸ್ ಹಾಕಿಸಿದವರಿಗೆ ದೊರೆಯುತ್ತಿದ್ದದ್ದು ಬಹುತೇಕ ಮೊದಲ ಬಗೆಯ ಫಲಿತಾಂಶವೇ: ಗೇಮು ಹೆಚ್ಚು ಚೆಲುವಾಗಿ ಕಾಣುತ್ತಿತ್ತು, ವೇಗ ಮಾತ್ರ ಹಾಗೇ ಇರುತ್ತಿತ್ತು. ಈ ಸರಳ ತರ್ಕವನ್ನು ಅಂಗಡಿಯಲ್ಲಿ ಹೇಳುವವರಿಲ್ಲದ್ದರಿಂದ ಎಷ್ಟು ದುಡ್ಡು ಪೋಲಾಯಿತೋ ಲೆಕ್ಕವಿಲ್ಲ.

ಅಳತೆಯಲ್ಲಿ ಬಲೆಗಳೂ ಇದ್ದವು. ಮಾನಿಟರ್ ಒಂದು ಚಿತ್ರವನ್ನು ಪೂರ್ತಿ ತೋರಿಸಿ ಮುಗಿಸುವವರೆಗೆ ಮುಂದಿನದನ್ನು ಕಳಿಸದೆ ಕಾಯುವ ವಿ-ಸಿಂಕ್ ಎಂಬ ಆಯ್ಕೆ ಚಾಲೂ ಇದ್ದರೆ, ಕಾರ್ಡು ಎಷ್ಟೇ ಬಲವಾಗಿದ್ದರೂ ಅಂಕಿ ಮಾನಿಟರಿನ ವೇಗವನ್ನು ದಾಟುವುದಿಲ್ಲ. ವಿಂಡೋಸ್ 2000 ಮತ್ತು ಎಕ್ಸ್‌ಪಿಗಳು ಗೇಮುಗಳನ್ನು 60 ಹರ್ಟ್ಸಿಗೇ ಕಟ್ಟಿಹಾಕುತ್ತಿದ್ದುದರಿಂದ, ಎರಡು ಬೇರೆ ಕಾರ್ಡುಗಳು ಒಂದೇ ಅಂಕಿ ಕೊಟ್ಟರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಹಳೆಯ ಕಾರ್ಡಿನ ಡ್ರೈವರಿನ ಅವಶೇಷಗಳು ಉಳಿದಿದ್ದರೂ ಫಲಿತಾಂಶ ಕೆಡುತ್ತಿತ್ತು; ಅದಕ್ಕಾಗಿ ಎಚ್ಚರಿಕೆಯುಳ್ಳವರು ವಿಂಡೋಸ್ ಹೊಸದಾಗಿ ಹಾಕಿದ ಹಾರ್ಡ್ ಡಿಸ್ಕಿನ ಪ್ರತಿಯನ್ನು ನಾರ್ಟನ್ ಘೋಸ್ಟ್‌ನಲ್ಲಿ ಎತ್ತಿಟ್ಟುಕೊಂಡು, ಪ್ರತಿ ಕಾರ್ಡಿಗೂ ಆ ಶುದ್ಧ ಪ್ರತಿಯನ್ನೇ ಮರಳಿ ಇಳಿಸಿ ಪರೀಕ್ಷಿಸುತ್ತಿದ್ದರು.

ಕಾರ್ಡು ತಯಾರಕರೇ ಅಳತೆಗೋಲನ್ನು ಬಗ್ಗಿಸಲು ನಿಂತ ಪ್ರಸಂಗಗಳು ಇದಕ್ಕಿಂತ ದೊಡ್ಡವು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500ರ ಡ್ರೈವರ್, ಓಡುತ್ತಿರುವ ಪ್ರೋಗ್ರಾಮಿನ ಹೆಸರು ಕ್ವೇಕ್ ಎಂದು ಗುರುತಿಸಿದಾಗ ಚಿತ್ರದ ಗುಣಮಟ್ಟವನ್ನು ತಗ್ಗಿಸಿ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಕಡತದ ಹೆಸರಿನಲ್ಲಿ ಕ್ವೇಕ್ ಎಂಬುದನ್ನು ಕ್ವ್ಯಾಕ್ ಎಂದು ತಿದ್ದಿ ಓಡಿಸಿದ ಪರೀಕ್ಷಕರ ಮುಂದೆ ಈ ಗುಟ್ಟು ಬಯಲಾಯಿತು. 2003ರ ಮೇ ತಿಂಗಳಲ್ಲಿ ಎನ್‌ವಿಡಿಯಾದ ಸರದಿ. ಗೇಮಿನಂಥದೇ ದೃಶ್ಯಗಳನ್ನು ಓಡಿಸಿ ಅಂಕ ಕೊಡುವ 3ಡಿಮಾರ್ಕ್03 ಎಂಬ ಪರೀಕ್ಷಾ ಪ್ರೋಗ್ರಾಮಿನಲ್ಲಿ ಕ್ಯಾಮೆರಾ ಯಾವ ದಾರಿಯಲ್ಲಿ ಸಾಗುತ್ತದೆಂದು ಮೊದಲೇ ಗೊತ್ತಿರುವುದರಿಂದ, ಆ ದಾರಿಗೆ ಕಾಣಿಸದ ಭಾಗಗಳನ್ನು ಬಿಡಿಸದೆ ಹಾರಿಸಲು ಡ್ರೈವರಿನಲ್ಲಿ ಏರ್ಪಾಟು ಮಾಡಲಾಗಿದೆ ಎಂದು ಅದನ್ನು ರೂಪಿಸಿದ ಫ್ಯೂಚರ್‌ಮಾರ್ಕ್ ಪ್ರಕಟಿಸಿತು; ತಿದ್ದಿದ ಆವೃತ್ತಿಯಲ್ಲಿ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಸುಮಾರು ಶೇಕಡ 24ರಷ್ಟು ಇಳಿಯಿತು. ಈ ಸುದ್ದಿ ಬಂದ ಮೇಲೆ ಹಳೆಯ ಯಂತ್ರಗಳ ಪರೀಕ್ಷಕರು ತಮ್ಮದೇ ಗೇಮಿನ ತಮ್ಮದೇ ಆಟವನ್ನು ದಾಖಲಿಸಿಕೊಂಡು ಅದರಲ್ಲೇ ಅಳೆಯತೊಡಗಿದರು. ಯಾರಿಗೂ ತಿಳಿಯದ ದಾರಿಯನ್ನು ಯಾವ ಡ್ರೈವರೂ ಮುಂಚಿತವಾಗಿ ಬಾಯಿಪಾಠ ಮಾಡಿಕೊಂಡಿರಲಾರದು.

ಗಿರಾಕಿಗಳ ಮಟ್ಟದಲ್ಲಿ ನಡೆಯುತ್ತಿದ್ದ ಮೋಸ ಇಷ್ಟು ಸುದ್ದಿಯಾಗಲಿಲ್ಲ, ಆದರೆ ಹೆಚ್ಚು ಜನರನ್ನು ಮುಟ್ಟಿತು. ಅಂಗಡಿಯಲ್ಲಿ ಕೇಳುತ್ತಿದ್ದದ್ದೂ ಹೇಳುತ್ತಿದ್ದದ್ದೂ ಒಂದೇ ಮಾತು, ಕಾರ್ಡು ಎಷ್ಟು ಎಂಬಿಯದು ಎಂಬುದು. ಮೆಮೊರಿಯ ಗಾತ್ರಕ್ಕಿಂತ ಅದಕ್ಕೂ ಗ್ರಾಫಿಕ್ಸ್ ಚಿಪ್ಪಿಗೂ ನಡುವಿನ ದಾರಿಯ ಅಗಲ ಮುಖ್ಯವೆಂಬುದು ಆ ಮಾತಿನಲ್ಲಿ ಮುಚ್ಚಿಹೋಗುತ್ತಿತ್ತು. ಗೋದಾಮು ಎಷ್ಟೇ ದೊಡ್ಡದಿದ್ದರೂ ಬಾಗಿಲು ಒಂದಾಳಗಲ ಇದ್ದರೆ ಮೂಟೆ ಹೊರಬರುವ ವೇಗ ಹೆಚ್ಚುವುದಿಲ್ಲ. 1999ರ ಟಿಎನ್‌ಟಿ2ರ ದಾರಿ 128 ಬಿಟ್ ಅಗಲವಾದರೆ, ಅದೇ ಹೆಸರಿಟ್ಟುಕೊಂಡು ಬಂದ ಅಗ್ಗದ ಟಿಎನ್‌ಟಿ2 ಎಂ64ರದು 64 ಬಿಟ್. ನಾಲ್ಕು ವರ್ಷದ ಮೇಲೆ ಎಫ್‌ಎಕ್ಸ್ 5200ರಲ್ಲಿ ಇದು ಇನ್ನೂ ಗೊಂದಲವಾಯಿತು, ಏಕೆಂದರೆ 128 ಬಿಟ್ಟಿನದೂ 64 ಬಿಟ್ಟಿನದೂ ಒಂದೇ ಹೆಸರಿನಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಪೆಟ್ಟಿಗೆಯಲ್ಲಿ ಮಾರಾಟವಾದವು. ಮೊದಲನೆಯದು ಮೆಮೊರಿಯಿಂದ ಸೆಕೆಂಡಿಗೆ 6.4 ಗಿಗಾಬೈಟ್ ಸೆಳೆಯಬಲ್ಲದಾದರೆ ಎರಡನೆಯದು ಅದರ ಅರ್ಧ. ಪೆಟ್ಟಿಗೆ ಹೇಳದ್ದನ್ನು ಕಾರ್ಡು ಹೇಳುತ್ತಿತ್ತು. ಎರಡೂ ಪಕ್ಕಕ್ಕೆ ಸಾಲು ಕಾಲುಗಳಿರುವ ಉದ್ದನೆಯ ಮೆಮೊರಿ ಚಿಪ್ಪು ಒಂದೊಂದೂ ಸಾಮಾನ್ಯವಾಗಿ 16 ಬಿಟ್ ಅಗಲದ ದಾರಿ ಕೊಡುತ್ತದೆ. ಎಂಟು ಚಿಪ್ಪುಗಳಿದ್ದರೆ 128, ನಾಲ್ಕೇ ಇದ್ದರೆ 64. ಕಾರ್ಡನ್ನು ಎರಡೂ ಬದಿಗೆ ತಿರುಗಿಸಿ ಚಿಪ್ಪು ಎಣಿಸುವ ಗಿರಾಕಿಯನ್ನು ಕಂಡರೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತಿತ್ತು. ಹೆಸರಿನ ಆಟದಲ್ಲಿ ಜಿಫೋರ್ಸ್ 4 ಎಂಎಕ್ಸ್‌ನದು ಮೇಲುಗೈ: 2002ರ ಆ ಕಾರ್ಡಿನಲ್ಲಿ ಹಿಂದಿನ ವರ್ಷದ ಜಿಫೋರ್ಸ್ 3ರಲ್ಲಿದ್ದ ಪಿಕ್ಸೆಲ್ ಶೇಡರ್, ಅಂದರೆ ಪ್ರತಿ ಚುಕ್ಕೆಯ ಬಣ್ಣವನ್ನು ಗೇಮು ಬರೆದವರ ಸೂಚನೆಯಂತೆ ಲೆಕ್ಕಹಾಕುವ ಭಾಗ, ಇರಲೇ ಇಲ್ಲ. 3ಡಿಮಾರ್ಕ್ 2001ರ ನೇಚರ್ ಎಂಬ ದೃಶ್ಯ ಅದರಲ್ಲಿ ಓಡುತ್ತಲೇ ಇರಲಿಲ್ಲ.

ಗೇಮಿನ ಮಾತೇ ಬೇಡವಾಗಿದ್ದ ಇನ್ನೊಂದು ವರ್ಗವೂ ಇತ್ತು, ಅದು ಕನ್ನಡ ಡಿಟಿಪಿ ಮಾಡುವವರದು. 1024×768ರ ಪರದೆಗೆ ಪೂರ್ಣ ಬಣ್ಣದಲ್ಲಿ 3 ಎಂಬಿ ಮೆಮೊರಿ ಸಾಕಾಗುವುದರಿಂದ ಅವರಿಗೆ ಯಾವ ಕಾರ್ಡಾದರೂ ನಡೆಯಬೇಕಿತ್ತು; ಆದರೆ ನಡೆಯುತ್ತಿರಲಿಲ್ಲ. ಪಿಕ್ಚರ್ ಟ್ಯೂಬಿನ ಮಾನಿಟರಿಗೆ ಹೋಗುವುದು ಅನಲಾಗ್ ಸಿಗ್ನಲ್. ಅಗ್ಗದ ಕಾರ್ಡುಗಳಲ್ಲಿ ಆ ಸಿಗ್ನಲ್ ಹೊರಡುವ ದಾರಿಯ ಬಿಡಿಭಾಗಗಳು ಕಳಪೆಯಾಗಿದ್ದುದರಿಂದ ಅಕ್ಷರದ ಅಂಚು ಮಸುಕಾಗುತ್ತಿತ್ತು. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಚಿಕ್ಕ ಗಾತ್ರದ ಕನ್ನಡದಲ್ಲಿ ಒತ್ತಕ್ಷರಗಳು ಕಲಸಿಹೋಗಿ, ಪ್ರೂಫ್ ನೋಡುವವರು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಮ್ಯಾಟ್ರಾಕ್ಸ್ ಜಿ400ರಂಥ, ಗೇಮಿನಲ್ಲಿ ಹಿಂದೆ ಬಿದ್ದರೂ ಪರದೆಯ ಸ್ಪಷ್ಟತೆಗೆ ಹೆಸರಾದ ಕಾರ್ಡು ಹಾಕಿದಾಗಿನ ವ್ಯತ್ಯಾಸ ಯಾವ ಟೈಮ್‌ಡೆಮೊಗೂ ಸಿಗುವಂಥದಲ್ಲ. ಅಂಕಿಗೆ ಸಿಗದ್ದನ್ನು ಬಿಟ್ಟೇಬಿಡುವುದು ಅಂದಿನ ವಿಮರ್ಶೆಗಳ ದೊಡ್ಡ ಕೊರತೆಯೆಂದೇ ಹೇಳಬೇಕು.

ಎಜಿಪಿಯ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂದದ್ದು 2004ರಲ್ಲಿ. ಆಗ ಗುಜರಿಗೆ ಹೋಗದೆ ಉಳಿದ ಯಂತ್ರಗಳನ್ನು ಇಂದು ಹವ್ಯಾಸಿಗಳು ಮತ್ತೆ ಮೇಜಿಗೆ ತರುತ್ತಿದ್ದಾರೆ. ಪರೀಕ್ಷೆಯ ಕ್ರಮ ಈಗ ಬೇರೆಯಾಗಿದೆ. ಮೊದಲು ನೋಡಬೇಕಾದದ್ದು ಪ್ರೊಸೆಸರಿನ ಸುತ್ತ ನಿಂತಿರುವ ಕೆಪಾಸಿಟರುಗಳನ್ನು, ಏಕೆಂದರೆ 2000ದ ಆಸುಪಾಸಿನ ಬೋರ್ಡುಗಳಲ್ಲಿ ಕಳಪೆ ರಸಾಯನ ತುಂಬಿದ ಕೆಪಾಸಿಟರುಗಳ ನೆತ್ತಿ ಉಬ್ಬಿ ಸೋರುವುದು ಸಾಮಾನ್ಯ. ಮೆಮೊರಿಯನ್ನು ಯಥೇಚ್ಛ ತುಂಬುವಂತೆಯೂ ಇಲ್ಲ: ವಿಂಡೋಸ್ 98ರಲ್ಲಿ 512 ಎಂಬಿ ದಾಟಿದರೆ, ಡಿಸ್ಕಿನ ಕ್ಯಾಷೆಯೂ ಎಜಿಪಿಗೆ ಮೀಸಲಾದ ವಿಳಾಸಗಳೂ ಒಂದೇ ವಲಯಕ್ಕಾಗಿ ಪೈಪೋಟಿ ನಡೆಸಿ, ಮೆಮೊರಿ ಧಾರಾಳವಾಗಿರುವಾಗಲೇ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತದೆ, ಸಿಸ್ಟಮ್ ಡಾಟ್ ಇನಿ ಎಂಬ ಕಡತದಲ್ಲಿ ಕ್ಯಾಷೆಗೆ ಮಿತಿ ಬರೆಯುವುದು ಅದಕ್ಕೆ ಪರಿಹಾರ. ವೇಗದ ಪ್ರಶ್ನೆ ಇಂದಿನ ಪರೀಕ್ಷಕರಿಗೆ ಹೆಚ್ಚುಕಡಿಮೆ ಅಪ್ರಸ್ತುತ. ಅವರಿಗೆ ಬೇಕಾದದ್ದು 1998ರ ಗೇಮಿನ ಮಂಜು ಮಂಜಾಗಿಯೇ, ಬಣ್ಣ ಬಣ್ಣವಾಗಿಯೇ ಬರಬೇಕೆಂಬುದು. ಹಳೆಯ ಗೇಮುಗಳು ನೆಚ್ಚಿದ್ದ ಟೇಬಲ್ ಫಾಗ್, 8 ಬಿಟ್ಟಿನ ಪ್ಯಾಲೆಟ್ ಚಿತ್ರಗಳಂಥ ಉಪಾಯಗಳನ್ನು ಮುಂದಿನ ಕಾರ್ಡುಗಳು ಒಂದೊಂದಾಗಿ ಕೈಬಿಟ್ಟವು. ಅವನ್ನು ಉಳಿಸಿಕೊಂಡ, ವಿಂಡೋಸ್ 98ಕ್ಕೆ ಡ್ರೈವರ್ ಇರುವ, ಎರಡೂ ಕಚ್ಚು ಇರುವುದರಿಂದ 3.3 ವೋಲ್ಟಿನ ಬೋರ್ಡಿನಲ್ಲೂ ಕೂರುವ, ಎಷ್ಟೋ ಮಾದರಿಗಳಲ್ಲಿ ಫ್ಯಾನೇ ಇಲ್ಲದೆ ಬರಿಯ ಹೀಟ್‌ಸಿಂಕಿನಲ್ಲಿ ಸದ್ದಿಲ್ಲದೆ ನಡೆಯುವ ಕಾರ್ಡು ಯಾವುದೆಂದು ಹುಡುಕಿದರೆ ಕೈಗೆ ಸಿಗುವುದು, 2003ರ ಪರೀಕ್ಷೆಗಳಲ್ಲಿ ಎಲ್ಲರ ನಗೆಗೆ ಈಡಾಗಿದ್ದ ಎಫ್‌ಎಕ್ಸ್ 5200. ಚಿಪ್ಪುಗಳನ್ನು ಮಾತ್ರ ಈಗಲೂ ಎಣಿಸಿಯೇ ಕೊಳ್ಳುತ್ತಾರೆ.